ಬೇಸಿಗೆಯ ಪೇಲ್ ಏಲ್: ಪಾಕದ ಹಿಂದಿನ ಲೆಕ್ಕ

ಪೇಲ್ ಏಲ್ ಎಂಬುದು ತಿಳಿಬಣ್ಣದ ಮಾಲ್ಟ್ ಬಳಸಿ, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುದುಗಿಸುವ ಬಿಯರ್. ಇದರ ಅಮೆರಿಕನ್ ಬಗೆಯಲ್ಲಿ ಹಾಪ್ಸ್ ಹೂವಿನ ಕಹಿ ಮತ್ತು ಪರಿಮಳದ್ದೇ ಮೇಲುಗೈ. ಬೇಸಿಗೆಗೆಂದು ಮನೆಯಲ್ಲಿ ಇದನ್ನು ತಯಾರಿಸುವವರಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಸೆಕೆಗೆ ಹಗುರವಾದ, ಆಲ್ಕೋಹಾಲ್ ಕಡಿಮೆಯಿರುವ ಬಿಯರ್ ಬೇಕು. ಆದರೆ ಮಾಲ್ಟ್ ಕಡಿಮೆಯಾದಷ್ಟೂ ಬಿಯರ್ ನೀರಾಗುತ್ತದೆ, ಹಾಪ್ಸ್‌ನ ಕಹಿ ಒರಟಾಗಿ ಎದ್ದು ಕಾಣುತ್ತದೆ. ಪಾಕ ರೂಪಿಸುವುದೆಂದರೆ ಈ ಎರಡನ್ನೂ ಸರಿತೂಗಿಸುವುದು.

ಅಮೆರಿಕನ್ ಪೇಲ್ ಏಲ್‌ಗೆ ಅದರ ಗುಣ ಬಂದದ್ದು ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯಿಂದ. ಅಮೆರಿಕದ ಕೃಷಿ ಇಲಾಖೆ ಆರೆಗಾನ್ ರಾಜ್ಯದಲ್ಲಿ ಅಭಿವೃದ್ಧಿಪಡಿಸಿ 1972ರಲ್ಲಿ ಬಿಡುಗಡೆ ಮಾಡಿದ ಈ ತಳಿಗೆ ಚಕ್ಕೋತದ ಸಿಪ್ಪೆಯನ್ನು ಹೋಲುವ ಕಂಪು ಇದೆ. ಕ್ಯಾಲಿಫೋರ್ನಿಯಾದ ಚಿಕೊ ಪಟ್ಟಣದ ಸಿಯೆರಾ ನೆವಾಡಾ ಬ್ರುವರಿ 1980ರಲ್ಲಿ ಇದನ್ನು ಬಳಸಿ ತಯಾರಿಸಿದ ಪೇಲ್ ಏಲ್ ಮುಂದಿನವರಿಗೆ ಮಾದರಿಯಾಯಿತು. ಇನ್ನು ಕಾನೂನಿನ ಮಾತು. ಮನೆಬಳಕೆಗೆ ಬಿಯರ್ ತಯಾರಿಸಲು ಅಡ್ಡಿಯಾಗಿದ್ದ ಅಮೆರಿಕದ ಕೇಂದ್ರ ಕಾನೂನನ್ನು ಸಡಿಲಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಕರ್ನಾಟಕದಲ್ಲಾದರೋ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಪಾಕದ ಮೊದಲ ಲೆಕ್ಕ ಸಕ್ಕರೆಯದು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿದಾಗ ಸಿಗುವ ಸಿಹಿ ದ್ರವಕ್ಕೆ ವರ್ಟ್ ಎನ್ನುತ್ತಾರೆ. ಹುದುಗುವ ಮೊದಲು ವರ್ಟ್‌ನ ಸಾಪೇಕ್ಷ ಸಾಂದ್ರತೆ 1.045 ಇದ್ದು, ಯೀಸ್ಟ್ ಅದರ ಸಕ್ಕರೆಯನ್ನು ಹುದುಗಿಸಿದ ಮೇಲೆ 1.010ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 4.6 ಆಗುತ್ತದೆ. 20 ಲೀಟರ್ ಬಿಯರ್‌ಗೆ ಈ ಮಟ್ಟ ತಲುಪಲು ಸುಮಾರು 4 ಕಿಲೋ ಧಾನ್ಯ ಸಾಕು: 3.4 ಕಿಲೋ ಪೇಲ್ ಮಾಲ್ಟ್, ನೊರೆ ನಿಲ್ಲಲು 300 ಗ್ರಾಂ ಗೋಧಿ ಮಾಲ್ಟ್, ಕಹಿಯ ಒರಟುತನ ತಗ್ಗಿಸಲು 300 ಗ್ರಾಂ ತಿಳಿ ಕ್ರಿಸ್ಟಲ್ ಮಾಲ್ಟ್. ಕ್ರಿಸ್ಟಲ್ ಮಾಲ್ಟ್ ಇದಕ್ಕಿಂತ ಹೆಚ್ಚಾದರೆ ಸಿಹಿ ಉಳಿದು, ಬೇಸಿಗೆಗೆ ಬೇಕಾದ ಹಗುರತನ ಕೆಡುತ್ತದೆ.

ಧಾನ್ಯ ನೆನೆಸುವ ನೀರಿನ ಬಿಸಿ ಬಿಯರ್‌ನ ಮೈಯನ್ನು ನಿರ್ಧರಿಸುತ್ತದೆ. ಮಾಲ್ಟ್‌ನಲ್ಲಿರುವ ಬೀಟಾ ಅಮೈಲೇಸ್ ಎಂಬ ಕಿಣ್ವ 60ರಿಂದ 65 ಡಿಗ್ರಿಯಲ್ಲಿ ಚುರುಕಾಗಿ, ಪಿಷ್ಟವನ್ನು ಯೀಸ್ಟ್ ತಿನ್ನಬಲ್ಲ ಸಕ್ಕರೆಯಾಗಿ ಒಡೆಯುತ್ತದೆ. ಆಲ್ಫಾ ಅಮೈಲೇಸ್ ಚುರುಕಾಗುವುದು 70 ಡಿಗ್ರಿಯ ಆಸುಪಾಸಿನಲ್ಲಿ; ಅದು ಯೀಸ್ಟ್‌ಗೆ ದಕ್ಕದ ಡೆಕ್ಸ್‌ಟ್ರಿನ್‌ಗಳನ್ನೂ ಉಳಿಸುತ್ತದೆ. 66 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಎರಡೂ ಕೆಲಸ ಮಾಡಿ, ಬಿಯರ್ ಹಗುರವಾದರೂ ತೆಳುವಾಗದು.

ನೀರಿನ ಲವಣಗಳಿಗೂ ಇಲ್ಲಿ ಪಾತ್ರವಿದೆ. ಸಲ್ಫೇಟ್ ಹೆಚ್ಚಿದ್ದರೆ ಕಹಿ ಮೊನಚಾಗುತ್ತದೆ, ಕ್ಲೋರೈಡ್ ಹೆಚ್ಚಿದ್ದರೆ ಮಾಲ್ಟ್‌ನ ರುಚಿ ತುಂಬಿಕೊಳ್ಳುತ್ತದೆ. ಪೇಲ್ ಏಲ್‌ಗೆ ಹೆಸರಾದ ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಸಲ್ಫೇಟ್ ಲವಣವಾದ ಜಿಪ್ಸಮ್ ಅಂಶ ಸಹಜವಾಗಿಯೇ ಹೆಚ್ಚು. ಲವಣ ಕಡಿಮೆಯಿರುವ 20 ಲೀಟರ್ ನೀರಿಗೆ 5 ಗ್ರಾಂ ಜಿಪ್ಸಮ್ ಬೆರೆಸಿದರೆ ಲೀಟರಿಗೆ ಸುಮಾರು 140 ಮಿಲಿಗ್ರಾಂ ಸಲ್ಫೇಟ್ ಸೇರುತ್ತದೆ. ನಲ್ಲಿ ನೀರಿನ ಕ್ಲೋರಿನ್ ಹೋಗಿರಬೇಕು. ಇಲ್ಲದಿದ್ದರೆ ಅದು ಫೀನಾಲ್‌ಗಳ ಜೊತೆ ಕೂಡಿ ಔಷಧದ ವಾಸನೆ ಹುಟ್ಟಿಸುತ್ತದೆ.

ಪಾಕದ ಜೀವಾಳ ಹಾಪ್ಸ್. ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ ಈ ಬಳ್ಳಿಯ ಹೆಣ್ಣು ಹೂಗೊಂಚಲಿನಲ್ಲಿ ಹಳದಿ ಪುಡಿಯಂಥ ಗ್ರಂಥಿಗಳಿವೆ. ಕಹಿಗೆ ಕಾರಣವಾಗುವ ಆಲ್ಫಾ ಆಮ್ಲಗಳು, ಕಂಪಿಗೆ ಕಾರಣವಾಗುವ ಮಿರ್ಸೀನ್, ಲಿನಲೂಲ್, ಜೆರಾನಿಯೋಲ್ ಮುಂತಾದ ತೈಲಗಳು ಎರಡೂ ಇರುವುದು ಅಲ್ಲಿಯೇ. ಆದರೆ ಅವುಗಳ ಸ್ವಭಾವ ತದ್ವಿರುದ್ಧ. ಆಲ್ಫಾ ಆಮ್ಲಗಳು ದೀರ್ಘಕಾಲ ಕುದ್ದಷ್ಟೂ ಹೆಚ್ಚಾಗಿ ರಚನೆ ಬದಲಿಸಿ, ನೀರಿನಲ್ಲಿ ಕರಗುವ ಕಹಿಯಾಗುತ್ತವೆ. ತೈಲಗಳು ಕುದಿಯುವಾಗ ಆವಿಯೊಡನೆ ಹಾರಿಹೋಗುತ್ತವೆ. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವಂತೆ, ಕಂಪಿನ ಹಾಪ್ಸ್ ಬೀಳಬೇಕಾದದ್ದು ಕೊನೆಯಲ್ಲಿ.

ಕಹಿಯ ಅಳತೆ ಐಬಿಯು. ಒಂದು ಐಬಿಯು ಎಂದರೆ ಲೀಟರಿಗೆ ಸರಿಸುಮಾರು ಒಂದು ಮಿಲಿಗ್ರಾಂ ಕಹಿ ಆಮ್ಲ. ಅಮೆರಿಕದ ಗ್ಲೆನ್ ಟಿನ್ಸೆತ್ ರೂಪಿಸಿದ ಸೂತ್ರದಂತೆ, ಶೇ. 6 ಆಲ್ಫಾ ಆಮ್ಲವಿರುವ 25 ಗ್ರಾಂ ಕ್ಯಾಸ್ಕೇಡ್ ಒಂದು ಗಂಟೆ ಕುದ್ದರೆ 20 ಲೀಟರಿಗೆ ಸುಮಾರು 18 ಐಬಿಯು ಕೊಡುತ್ತದೆ. ಕೊನೆಯ 10 ನಿಮಿಷಕ್ಕೆ ಹಾಕಿದ 30 ಗ್ರಾಂ ಕೊಡುವುದು 8 ಮಾತ್ರ. ಒಲೆ ಆರಿಸಿ, ವರ್ಟ್ 80 ಡಿಗ್ರಿಗೆ ತಣಿದ ಮೇಲೆ ಇನ್ನೂ 40 ಗ್ರಾಂ ಹಾಕಿ 20 ನಿಮಿಷ ಬಿಟ್ಟರೆ ಕಹಿ ಅಲ್ಪವೇ ಏರಿ, ಕಂಪು ಹೆಚ್ಚು ಉಳಿಯುತ್ತದೆ. ಒಟ್ಟು ಸುಮಾರು 30 ಐಬಿಯು. 1.045 ಸಾಂದ್ರತೆಯ ಹಗುರ ಬಿಯರ್‌ಗೆ ಇಷ್ಟು ಕಹಿ ಹದ. ಇನ್ನಷ್ಟು ಹಾಪ್ಸ್ ಬೇಕೆನಿಸಿದರೆ ಹೆಚ್ಚಿಸಬೇಕಾದದ್ದು ಕೊನೆಯ ಕಂತುಗಳನ್ನು, ಮೊದಲಿನದನ್ನಲ್ಲ.

ಬೇಸಿಗೆಯ ದೊಡ್ಡ ತೊಡಕು ಹುದುಗುವ ಹಂತದಲ್ಲಿದೆ. ಅಮೆರಿಕನ್ ಏಲ್ ಯೀಸ್ಟ್‌ಗೆ ಒಗ್ಗುವುದು 18ರಿಂದ 20 ಡಿಗ್ರಿ. ಹುದುಗುವಾಗ ದ್ರವವೇ ಶಾಖ ಹೊರಹಾಕುವುದರಿಂದ ಅದು ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ. 25 ಡಿಗ್ರಿ ದಾಟಿದರೆ ಹಣ್ಣಿನ ವಾಸನೆಯ ಎಸ್ಟರ್‌ಗಳೂ ಗಂಟಲು ಸುಡುವ ಭಾರ ಆಲ್ಕೋಹಾಲ್‌ಗಳೂ ಹೆಚ್ಚಿ, ಹಾಪ್ಸ್‌ನ ಕಂಪನ್ನು ಮುಚ್ಚಿಬಿಡುತ್ತವೆ. ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತುವುದು ಸುಲಭದ ಪರಿಹಾರ. ಉಷ್ಣತೆ ನಿಯಂತ್ರಕ ಅಳವಡಿಸಿದ ಫ್ರಿಜ್ ಖಚಿತವಾದದ್ದು.

ಹುದುಗುವಿಕೆ ಮುಗಿಯುವ ಹೊತ್ತಿಗೆ 60 ಗ್ರಾಂ ಹಾಪ್ಸ್ ಅನ್ನು ತಣ್ಣನೆಯ ಬಿಯರ್‌ಗೇ ಹಾಕಿ ಮೂರು ದಿನ ಬಿಡುವುದಕ್ಕೆ ಡ್ರೈ ಹಾಪಿಂಗ್ ಎಂದು ಹೆಸರು. ಇಲ್ಲಿ ಶಾಖವಿಲ್ಲದ್ದರಿಂದ ತೈಲಗಳು ಉಳಿಯುತ್ತವೆ. ಆದರೆ ಹಾಪ್ಸ್‌ನಲ್ಲಿಯೂ ಪಿಷ್ಟ ಒಡೆಯುವ ಕಿಣ್ವಗಳಿದ್ದು, ಅವು ಡೆಕ್ಸ್‌ಟ್ರಿನ್‌ಗಳನ್ನು ಸಕ್ಕರೆಯಾಗಿಸಿ ಹುದುಗುವಿಕೆಯನ್ನು ಮತ್ತೆ ಕೆದಕುತ್ತವೆ. ಇಂಗ್ಲೆಂಡಿನ ವಿಜ್ಞಾನಿಗಳಾದ ಬ್ರೌನ್ ಮತ್ತು ಮಾರಿಸ್ 1893ರಲ್ಲೇ ಇದನ್ನು ದಾಖಲಿಸಿದ್ದರು. ಸಾಂದ್ರತೆ ಎರಡು ಮೂರು ದಿನ ಒಂದೇ ಮಟ್ಟದಲ್ಲಿ ನಿಂತಿದೆಯೆಂದು ಖಚಿತವಾಗುವ ಮುನ್ನ ತುಂಬಿಸಿದ ಬಾಟಲಿಗಳು ಒತ್ತಡಕ್ಕೆ ಸಿಡಿಯಬಹುದು.

ಬಾಟಲಿಗೆ ತುಂಬುವಾಗ 20 ಲೀಟರಿಗೆ 120 ಗ್ರಾಂ ಸಕ್ಕರೆ ಬೆರೆಸಿದರೆ ಯೀಸ್ಟ್ ಅದನ್ನು ತಿಂದು, ಎರಡು ವಾರದಲ್ಲಿ ಬೇಕಾದಷ್ಟು ಗುಳ್ಳೆ ತರುತ್ತದೆ. ಈ ಹಂತದಲ್ಲಿ ಗಾಳಿ ಸೇರಿದರೆ ಆಮ್ಲಜನಕ ಕಂಪನ್ನು ಕೆಡಿಸಿ ರಟ್ಟಿನಂಥ ರುಚಿ ತರುತ್ತದೆ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಆಮ್ಲಗಳು ಒಡೆದು, ಗಂಧಕ ಸೇರಿದ ದುರ್ವಾಸನೆಯ ಸಂಯುಕ್ತ ಹುಟ್ಟುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಎಷ್ಟೇ ಜೋಪಾನ ಮಾಡಿದರೂ ಹಾಪ್ಸ್‌ನ ಕಂಪು ವಾರದಿಂದ ವಾರಕ್ಕೆ ಇಳಿಯುವುದರಿಂದ, ಗುಳ್ಳೆ ಕೂಡಿದ ಕೂಡಲೇ ಫ್ರಿಜ್‌ಗೆ ಸೇರಿಸಿ, ಒಂದೆರಡು ತಿಂಗಳೊಳಗೆ ಮುಗಿಸುವಷ್ಟೇ ಪ್ರಮಾಣದಲ್ಲಿ ಈ ಬಿಯರ್ ತಯಾರಿಸುವುದು ವಾಡಿಕೆ.