ಮರೆವು ವಯಸ್ಸಿನದೋ, ಕಾಯಿಲೆಯದೋ?

ಮಳೆಗಾಲಕ್ಕೆ ಮುಂಚೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮೈಲುತುತ್ತ ಕೊಳ್ಳಲು ಕಚೇರಿಗೆ ಬಂದರು. ಕೊಳೆರೋಗದ ಔಷಧಿಯನ್ನು ನಲವತ್ತು ವರ್ಷ ತಮ್ಮ ಕೈಯಾರೆ ಬೆರೆಸಿದವರು. ನೂರು ಲೀಟರ್ ನೀರಿಗೆ ತುತ್ತ ಎಷ್ಟು, ಸುಣ್ಣ ಎಷ್ಟು ಎಂದು ನಮ್ಮನ್ನೇ ಕೇಳಿದರು. ಒಂದೊಂದು ಕಿಲೋ ಎಂದೆವು. ಹಣ ಕಟ್ಟಿ ಹೋದವರು ಮರುದಿನ ಬಂದು ಅದನ್ನೇ ಕೇಳಿ, ಮತ್ತೆ ಹಣ ಎಣಿಸತೊಡಗಿದರು. ರಶೀದಿ ತೋರಿಸಿದಾಗ ರೇಗಿದರು. ಕಚೇರಿಯಲ್ಲಿ ಕೆಲವರು ನಕ್ಕರು. ವಯಸ್ಸಾಯಿತೆಂದು ನಾವೂ ಸುಮ್ಮನಾದೆವು. ಅದು ನಮ್ಮ ತಪ್ಪು. ಮನೆಯವರಿಗೆ ನಾವು ಹೇಳಿದ್ದು ಆರು ತಿಂಗಳ ಮೇಲೆ, ಅವರು ತಮ್ಮ ತೋಟದಲ್ಲೇ ದಾರಿ ತಪ್ಪಿದ ನಂತರ. ಅಷ್ಟರಲ್ಲಿ ಎರಡು ಕಾಗದಗಳಿಗೆ ಸಹಿ ಹಾಕಿದ್ದರು. ಏತಕ್ಕೆಂದು ಅವರಿಗೇ ತಿಳಿಯದು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಕನ್ನಡಕ ಇಟ್ಟ ಜಾಗ ಮರೆಯುವುದು, ಹೆಸರು ತಡವಾಗಿ ನೆನಪಾಗುವುದು ವಯೋಸಹಜ. ಬಲ್ಲ ಕೆಲಸವೇ ತೊಡಕಾಗುವುದು, ಕೇಳಿದ್ದನ್ನೇ ಕೇಳುವುದು, ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ಕೈಗೂಡದಿರುವುದು ಹಾಗಲ್ಲ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ.

ಪ್ರಥಮ ತಪಾಸಣೆಗೆ ಯಂತ್ರ ಬೇಕಿಲ್ಲ. 'ಮಿನಿ-ಕಾಗ್' ಎಂಬ ಪರೀಕ್ಷೆಯಲ್ಲಿ ವೈದ್ಯರು ಮೂರು ಪದ ಹೇಳುತ್ತಾರೆ. ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಬಳಿಕ ಆ ಮೂರು ಪದಗಳನ್ನು ನೆನಪಿನಿಂದ ಹೇಳಬೇಕು. ಪದಕ್ಕೊಂದು ಅಂಕ, ಗಡಿಯಾರಕ್ಕೆ ಎರಡು. ಐದರಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಅಗತ್ಯ. ಎಲ್ಲ ಸೇರಿ ಐದು ನಿಮಿಷದೊಳಗೆ ಮುಗಿಯುತ್ತದೆ.

ಹೆಬ್ಬೆಟ್ಟು ಒತ್ತುವ ನಮ್ಮ ಕೂಲಿಕಾರರಿಗೆ ಗಡಿಯಾರ ಬರೆ ಎನ್ನುವುದು ನ್ಯಾಯವಲ್ಲ. ಇದನ್ನರಿತು 1995ರಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ, ಓದುಬರಹ ಬೇಡದ ಪ್ರಶ್ನಾವಳಿಯೊಂದನ್ನು ಹಿಂದಿಯಲ್ಲಿ ರೂಪಿಸಿದರು. ವಾಕ್ಯ ಬರೆಯುವ ಬದಲು ತಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿದರೆ ಸಾಕು. ಆದ್ದರಿಂದ ರೋಗಿ ಎಷ್ಟು ಓದಿದ್ದಾರೆ, ಕಿವಿ ಕೇಳಿಸುತ್ತದೆಯೇ, ಮನೆಮಾತು ಯಾವುದು ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ.

ಅಂಕ ಕಡಿಮೆಯಾದ ಮಾತ್ರಕ್ಕೆ ಕಾಯಿಲೆ ನಿಶ್ಚಯವಾಗದು. ಎಲೆ ಹಳದಿಯಾದೊಡನೆ ನಾವು ಗಿಡ ಕೀಳುವುದಿಲ್ಲ. ಬೇರು, ಮಣ್ಣು ನೋಡುತ್ತೇವೆ. ಹಾಗೆಯೇ ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನೋಖಿನ್ನತೆ, ಕೆಲವು ನಿದ್ರೆಯ ಮಾತ್ರೆಗಳಿಂದಲೂ ಬುದ್ಧಿ ಮಂಕಾಗುತ್ತದೆ. ಇವಕ್ಕೆ ಪರಿಹಾರವುಂಟು. ಆಲ್‌ಝೈಮರ್ ಆಗಿದ್ದರೆ ಪೂರ್ಣ ಗುಣವಿಲ್ಲ, ನಿಜ. ಆದರೆ ಬೇಗ ತಿಳಿದರೆ ಖಾತೆ, ನಾಮನಿರ್ದೇಶನ, ಉಯಿಲು ಮುಂತಾದವನ್ನು ಯಜಮಾನರು ಬುದ್ಧಿ ಸ್ಪಷ್ಟವಿರುವಾಗಲೇ, ತಮ್ಮ ಇಚ್ಛೆಯಂತೆ ತೀರ್ಮಾನಿಸಬಹುದು. ನಮ್ಮ ಸದಸ್ಯರ ಕೈತಪ್ಪಿದ್ದು ಆ ಅವಕಾಶವೇ.

ಇನ್ನು ಮುಂದೆ ಕಚೇರಿಯಲ್ಲಿ ಇಂಥದು ಕಂಡರೆ ನಗದೆ, ಹತ್ತು ಜನರ ಮುಂದೆ ಆಡದೆ, ಮನೆಯವರಿಗೆ ಮಾತ್ರ ತಿಳಿಸಬೇಕೆಂದು ಸಿಬ್ಬಂದಿಗೆ ಸೂಚಿಸಿದ್ದೇವೆ. ಸದಸ್ಯ ಬಾಂಧವರೂ ತಮ್ಮ ಮನೆಯ ಹಿರಿಯರಲ್ಲಿ ಹೊಸ ಮರೆವು ಕಂಡರೆ ಗದರದೆ, ಆದಷ್ಟು ಬೇಗ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ವಿನಂತಿ.