ಬಹರೇನ್ ಕೆಲಸ: ಏಜೆಂಟರನ್ನು ನಂಬುವ ಮುನ್ನ

ಪ್ರಶ್ನೆ: ಬಹರೇನ್‌ನಲ್ಲಿ ಕೆಲಸ ಕೊಡಿಸಲು ಏಜೆಂಟರೊಬ್ಬರು ಎರಡು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಖಂಡಿತ ಬೇಡ. ನೋಂದಾಯಿತ ಏಜೆಂಟರು ನಿಮ್ಮಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕೂ ರಸೀದಿ ಪಡೆಯಿರಿ. ನೋಂದಣಿ ಇಲ್ಲದೆ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವುದು 1983ರ ವಲಸೆ ಕಾಯ್ದೆಯಡಿ ಅಪರಾಧ. ನಿಮ್ಮ ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆಯೇ ನೋಡಿ.

‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಿಸೋಣ’ ಎಂದರೆ ಒಪ್ಪಬೇಡಿ. ಅದರಲ್ಲಿ ದುಡಿಯುವುದು ಕಾನೂನುಬಾಹಿರ. ಸಂಬಳ ಸಿಗದಿದ್ದರೂ ದೂರಲು ಹೆದರಬೇಕಾಗುತ್ತದೆ. ದುಡಿಯಲು ಬೇಕಾದ ಪರವಾನಗಿ ಕೊಡುವುದು ಅಲ್ಲಿನ ಕಾರ್ಮಿಕ ಮಾರುಕಟ್ಟೆ ನಿಯಂತ್ರಣ ಪ್ರಾಧಿಕಾರ, ಅಂದರೆ ಎಲ್‌ಎಂಆರ್‌ಎ.

ಈಗಾಗಲೇ ಅಲ್ಲಿ ತೊಂದರೆಗೆ ಸಿಲುಕಿದವರು ಯಾರೋ ಹೇಳಿದ ವಕೀಲರಿಗೆ ಹಣ ಸುರಿಯುವ ಮೊದಲು ಭಾರತೀಯ ರಾಯಭಾರ ಕಚೇರಿಯ ದೂರು ಆಲಿಸುವ ‘ಓಪನ್ ಹೌಸ್’ ಸಭೆಗೆ ಹೋಗಲಿ. ಅಲ್ಲಿ ಕಚೇರಿಯ ಪ್ಯಾನೆಲ್‌ನಲ್ಲಿರುವ ವಕೀಲರೂ ಇರುತ್ತಾರೆ. ಓದಲು ಬಾರದ ಅರಬ್ಬಿ ಕಾಗದಕ್ಕೆ ಮಾತ್ರ ಎಂದೂ ಸಹಿ ಹಾಕಬೇಡಿ.