ಬೃಹತ್ ಕೋಷ್ಟಕಗಳಲ್ಲಿ ಸೂಚಿಯ ಪ್ರಯೋಜನ ಮತ್ತು ಮಿತಿ

ಡೇಟಾಬೇಸಿನ ಕೋಷ್ಟಕದಲ್ಲಿ ಕೆಲವು ನೂರು ಸಾಲುಗಳಿರುವವರೆಗೆ ಯಾವ ಪ್ರಶ್ನೆಗಾದರೂ ಉತ್ತರವು ಕ್ಷಣಮಾತ್ರದಲ್ಲಿ ದೊರೆಯುವುದು. ಸಾಲುಗಳು ಕೋಟಿಯನ್ನು ಮುಟ್ಟಿದಾಗ ಅದೇ ಪ್ರಶ್ನೆಯು ಬಹುಕಾಲವನ್ನು ಬೇಡುತ್ತದೆ. ಇದಕ್ಕೆ ಪರಿಹಾರವಾಗಿ ಇಂಡೆಕ್ಸ್ ಅಥವಾ ಸೂಚಿಯನ್ನು ರಚಿಸುವುದು ರೂಢಿ. ಆದರೆ ಸೂಚಿಯಿದ್ದ ಮಾತ್ರಕ್ಕೆ ಎಲ್ಲ ಪ್ರಶ್ನೆಗಳೂ ವೇಗವನ್ನು ಪಡೆಯುವುದಿಲ್ಲ. ಅದು ಎಲ್ಲಿ ಸಹಾಯಕ, ಎಲ್ಲಿ ಹೊರೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಒಂದು ವಿಶ್ವವಿದ್ಯಾನಿಲಯದ ಪರೀಕ್ಷಾಂಕಗಳ ಕೋಷ್ಟಕದಲ್ಲಿ 1 ಕೋಟಿ ಸಾಲುಗಳಿವೆಯೆಂದು ಭಾವಿಸೋಣ. ಗಣಕವು ಸಾಲುಗಳನ್ನು ಬಿಡಿಬಿಡಿಯಾಗಿ ಓದದೆ ಪುಟಗಳಾಗಿ ಓದುತ್ತದೆ. ಪುಟಕ್ಕೆ 100 ಸಾಲುಗಳಂತೆ ಒಟ್ಟು 1 ಲಕ್ಷ ಪುಟಗಳಾಗುವುವು. ಸೂಚಿಯಿಲ್ಲದಿದ್ದರೆ ಒಬ್ಬ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯನ್ನು ಹುಡುಕಲು ಇವಿಷ್ಟನ್ನೂ ನೋಡಬೇಕಾಗುತ್ತದೆ. ಫಲಿತಾಂಶ ಪ್ರಕಟವಾದ ದಿನ ಸಾವಿರಾರು ಮಂದಿ ಒಮ್ಮೆಗೇ ಕೇಳಿದರೆ ಪರಿಣಾಮವೇನೆಂಬುದು ಊಹ್ಯ.

ಸೂಚಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬಿ-ಟ್ರೀ ಎಂಬ ರಚನೆ. ಇದನ್ನು ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಎಂಬುವರು ಬೋಯಿಂಗ್ ಸಂಸ್ಥೆಯಲ್ಲಿದ್ದಾಗ ರೂಪಿಸಿ 1972ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರಲ್ಲಿ ಪ್ರತಿಯೊಂದು ಪುಟವೂ ಕೆಳಗಿನ ಅನೇಕ ಪುಟಗಳಿಗೆ ದಾರಿ ತೋರಿಸುತ್ತದೆ. ಪುಟವೊಂದರಿಂದ 300 ಕವಲುಗಳು ಹೊರಟರೆ ಮೂರು ಹಂತಗಳಲ್ಲಿ 2 ಕೋಟಿ 70 ಲಕ್ಷ ಸಾಲುಗಳನ್ನು ಮುಟ್ಟಬಹುದು. ಆದ್ದರಿಂದ ಸೂಚಿಯ ಮೂರು ಪುಟ, ಕೋಷ್ಟಕದ ಒಂದು ಪುಟ, ಒಟ್ಟು ನಾಲ್ಕರಿಂದ ಕಾರ್ಯವು ಮುಗಿಯುತ್ತದೆ. ಸಾಲುಗಳು ನೂರು ಪಟ್ಟು ಬೆಳೆದರೂ ಹೆಚ್ಚುವುದು ಒಂದೇ ಹಂತ.

ಆದರೆ ಕೇಳಿದ್ದು ಒಂದು ಸಾಲಲ್ಲ, ಚದುರಿರುವ 20 ಲಕ್ಷ ಸಾಲುಗಳು ಎಂದಿಟ್ಟುಕೊಳ್ಳೋಣ. ಸೂಚಿಯ ಮೂಲಕ ಒಂದೊಂದನ್ನೇ ತರುವುದಾದರೆ ಸುಮಾರು 20 ಲಕ್ಷ ಸಲ ಪುಟಗಳತ್ತ ಹೋಗಬೇಕು. ಕೋಷ್ಟಕವನ್ನು ಮೊದಲಿನಿಂದ ಓದಿದರೆ 1 ಲಕ್ಷ ಪುಟಗಳೇ ಸಾಕು. ಇಂಥಲ್ಲಿ ಡೇಟಾಬೇಸ್ ಸೂಚಿಯನ್ನು ಬದಿಗಿಡುವುದು ದೋಷವಲ್ಲ, ವಿವೇಕ. ವೆಚ್ಚವನ್ನು ಅಂದಾಜು ಮಾಡಿ ಮಾರ್ಗವನ್ನು ಆರಿಸುವ ಈ ಕ್ರಮವನ್ನು ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಹೋದ್ಯೋಗಿಗಳು 1979ರಲ್ಲಿ ವಿವರಿಸಿದರು.

ಸೂಚಿಯ ಇನ್ನೊಂದು ಮಿತಿ ಅದರ ಅನುಕ್ರಮ. 1894ರ ಕಿಟ್ಟೆಲರ ನಿಘಂಟಿನಲ್ಲಿ ‘ಮಾಲೆ’ ಎಂದು ಆರಂಭವಾಗುವ ಪದಗಳನ್ನು ಕೂಡಲೇ ತೆರೆಯಬಹುದು. ‘ಗಾರ’ ಎಂದು ಮುಗಿಯುವ ಪದಗಳು ಬೇಕಾದರೆ ಇಡೀ ಗ್ರಂಥವನ್ನೇ ಓದಬೇಕು. ಹಾಗೆಯೇ ವರ್ಷ, ಅನಂತರ ವಿಷಯ ಎಂಬ ಕ್ರಮದ ಸೂಚಿಯು ವಿಷಯವನ್ನಷ್ಟೇ ಹಿಡಿದು ಕೇಳುವ ಪ್ರಶ್ನೆಗೆ ಸಾಮಾನ್ಯವಾಗಿ ಒದಗುವುದಿಲ್ಲ.

ಹಾಗಾದರೆ ಪ್ರತಿಯೊಂದು ಕಾಲಮಿಗೂ ಸೂಚಿಯೊಂದಿರಲಿ ಎನ್ನಬಹುದೆ? ಹೊಸ ಸಾಲು ಸೇರುವಾಗಲೆಲ್ಲ ಅಷ್ಟೂ ಸೂಚಿಗಳನ್ನು ತಿದ್ದಬೇಕು. ಅವು ಸ್ಥಳವನ್ನೂ ಬೇಡುವುವು. ಓದುವಾಗ ಉಳಿಸಿದ ಕಾಲವನ್ನು ಬರೆಯುವಾಗ ತೆರಬೇಕಾಗುತ್ತದೆ. ಆದಕಾರಣ ವಿದ್ಯಾರ್ಥಿಯು ಮೊದಲು ಪ್ರಶ್ನೆಯನ್ನು ಪರಿಶೀಲಿಸಿ, ಎಕ್ಸ್‌ಪ್ಲೇನ್ ಎಂಬ ಆದೇಶದಿಂದ ಗಣಕವು ಹಿಡಿಯುವ ಮಾರ್ಗವನ್ನು ಅರಿತು, ಆ ಮೇಲೆ ಸೂಚಿಯನ್ನು ರಚಿಸತಕ್ಕದ್ದು.